ಮಾತಿಲ್ಲದ ಗಾಳಿ

ನಮ್ಮೂರಿಗೆ ಮೊದಲ ಸಲ ಬಂದವರು ಬಸ್ಸಿನಿಂದ ಇಳಿದ ಕೂಡಲೇ ಕರವಸ್ತ್ರ ತೆಗೆದು ಮುಖದ ಮುಂದೆ ಆಡಿಸಿಕೊಳ್ಳುತ್ತಾರೆ. ಕರವಸ್ತ್ರ ಆಡುತ್ತದೆ, ಗಾಳಿ ಬರುವುದಿಲ್ಲ. ಆಗ ಅವರು ಕರವಸ್ತ್ರವನ್ನು ತಿರುವಿ ಮುರುವಿ ನೋಡುತ್ತಾರೆ, ತಪ್ಪು ಅದರದ್ದೇ ಎಂಬಂತೆ. ಅಷ್ಟರಲ್ಲಿ ನಿಲ್ದಾಣದ ಬೆಂಚಿನ ಮೇಲೆ ಕೂತ ಯಾರಾದರೊಬ್ಬರು ಎದ್ದು ಬಂದು ಅವರಿಗೆ ಬೀಸಣಿಗೆ ಬೀಸುತ್ತ, ಯಾವೂರು, ಯಾರ ಮನೆಗೆ ಬಂದಿರಿ, ಊಟವಾಯಿತೇ ಎಂದು ವಿಚಾರಿಸತೊಡಗುತ್ತಾರೆ. ಬಂದವರಿಗೆ ಜೀವ ಬಂದಂತಾಗುತ್ತದೆ. ಎರಡು ದಿನ ಇದ್ದರೆ ಅವರೂ ರೂಢಿಯಾಗಿ ಇನ್ನೊಬ್ಬರಿಗೆ ಬೀಸಲು ಕಲಿಯುತ್ತಾರೆ.

ನಮ್ಮಲ್ಲಿ ತಾನಾಗಿ ಗಾಳಿ ಬೀಸುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಬೀಸಿದರೆ ಬರುತ್ತದೆ, ತನಗೆ ತಾನೇ ಬೀಸಿಕೊಂಡರೆ ಇಲ್ಲ. ತನ್ನ ಸಾಮಾನಿಗೂ ಅಷ್ಟೇ. ನನ್ನ ಒದ್ದೆ ಅಂಗಿ ಒಣಗಬೇಕೆಂದರೆ ಪಕ್ಕದ ಮನೆಯವರು ಝಾಡಿಸಬೇಕು. ಯಾರಿಗೆಂದು ಬೀಸುತ್ತೇವೋ ಅವರಿಗೆ ಮಾತ್ರ ಆ ಗಾಳಿ, ಬಗಲಲ್ಲಿ ಕೂತವರ ಕೂದಲೂ ಅಲುಗುವುದಿಲ್ಲ. ಕರೆಂಟಿದೆ, ಮನೆಮನೆಯಲ್ಲಿ ಸೀಲಿಂಗ್ ಫ್ಯಾನೂ ಇದೆ. ತಿರುಗುತ್ತದೆ, ಸದ್ದು ಮಾಡುತ್ತದೆ. ಬೀಗರು ಬಂದಾಗ ಮರ್ಯಾದೆಗೆಂದು ಹಾಕುತ್ತೇವೆ. ಕ್ಷೌರದಂಗಡಿಯಲ್ಲಿ ಸರದಿಗೆ ಕಾದು ಕೂತವನು ಕುರ್ಚಿಯಲ್ಲಿ ಕೂತವನಿಗೆ ಬೀಸುತ್ತಾನೆ. ಹೋಟೆಲಿನಲ್ಲಿ ಎದುರು ಬದುರು ಕೂತ ಗುರುತಿಲ್ಲದವರಿಬ್ಬರು ಒಬ್ಬರ ಚಹಾ ಇನ್ನೊಬ್ಬರು ಆರಿಸಿ ಕುಡಿಯುತ್ತಾರೆ. ಒಬ್ಬರೇ ಬಂದವರು ಇನ್ನೊಬ್ಬರು ಬರುವ ತನಕ ಲೋಟ ಮುಟ್ಟದೆ ಬಾಗಿಲ ಕಡೆ ನೋಡುತ್ತ ಕೂರುತ್ತಾರೆ. ಗಂಡ ಹೆಂಡತಿ ಜಗಳವಾಡಿದ ದಿನ ಬೆನ್ನು ತಿರುಗಿಸಿ ಕೂತು, ಕೈ ಹಿಂದೆ ಮಾಡಿ ಬೀಸುತ್ತಾರೆ. ಅದರಲ್ಲೂ ಗಾಳಿ ಬರುತ್ತದೆ, ಸ್ವಲ್ಪ ಕಡಿಮೆ.

ಇದರ ಜೊತೆಗೊಂದು ಪದ್ಧತಿಯಿದೆ. ಬೀಸುವವರು ಮಾತಾಡುತ್ತಿರಬೇಕು. ಏನು ಬೇಕಾದರೂ ಆದೀತು, ಸಂತೆಯಲ್ಲಿ ಬದನೇಕಾಯಿ ಹೇಗಿತ್ತು, ಯಾರ ಮಗಳು ಯಾರ ಮಗನನ್ನು ನೋಡಿ ನಕ್ಕಳು, ಒಟ್ಟಿನಲ್ಲಿ ಬಾಯಿ ಮುಚ್ಚಬಾರದು. ಗಾಳಿ ತೆಗೆದುಕೊಳ್ಳುವವರಿಗೆ ಹಂಗು ಅನ್ನಿಸಬಾರದೆಂದು ಹಿರಿಯರು ಮಾಡಿದ್ದಂತೆ. ಸುಮ್ಮನೆ ಕೂತು ಬೀಸುವುದು ಹೆಣಕ್ಕೆ ಮಾತ್ರ. ಯಾರಾದರೂ ತೀರಿಕೊಂಡರೆ, ಎತ್ತುವವರೆಗೂ ಮನೆಯವರೊಬ್ಬರು ತಲೆಯ ಹತ್ತಿರ ಕೂತು, ತುಟಿ ಪಿಟಕ್ಕೆನ್ನದೆ ಬೀಸಬೇಕು. ಅದಕ್ಕೆ ಮಾತಿಲ್ಲದ ಗಾಳಿ ಎನ್ನುತ್ತೇವೆ. ಬದುಕಿದವರ ಪಕ್ಕ ಕೂತು ಹಾಗೆ ಬೀಸಿದರೆ ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿ ಇಲ್ಲ.

ಇಂಥ ಊರಿಗೆ ನಮ್ಮ ಚಂಪಕ್ಕ ಒಂದು ಲ್ಯಾಪ್‌ಟಾಪ್ ತಂದಳು.

ನನ್ನದು ಟೇಲರಿಂಗ್ ಅಂಗಡಿ. ಹೆಸರು ಯಮನೂರಪ್ಪ. ಚಂಪಕ್ಕನ ಮನೆ ನನ್ನ ಅಂಗಡಿಯ ಎದುರಿಗೇ, ನಾನು ಹೊಲಿಗೆ ಯಂತ್ರದ ಮುಂದೆ ಕೂತರೆ ಅವಳ ಪಡಸಾಲೆಯ ಕಿಟಕಿ ನೇರ ಕಾಣುತ್ತದೆ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಕಾಣದ್ದನ್ನು ಆಮೇಲೆ ಅವಳೂ ಅವಳ ಪಕ್ಕದ ಮನೆಯವಳೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ, ಹೇಳಿದ್ದು ಒಂದಕ್ಕೊಂದು ತಾಳೆಯಾಗದ ಕಡೆ ನಾನು ನಂಬಿದ್ದನ್ನು ಇಟ್ಟುಕೊಂಡಿದ್ದೇನೆ.

ಚಂಪಕ್ಕ ನಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಹೇಳುವ ಕೆಲಸದಲ್ಲಿದ್ದಳು. ಅವಳ ದನಿಯ ಬಗ್ಗೆ ನಾನೇನು ಹೇಳಲಿ. ಅದನ್ನು ಕೇಳುತ್ತ ಕೂತು ಬಸ್ಸು ತಪ್ಪಿಸಿಕೊಂಡವರನ್ನು ನಾನೇ ನೋಡಿದ್ದೇನೆ. ತಪ್ಪಿಸಿಕೊಂಡು ಸಿಟ್ಟಾದವರನ್ನು ಮಾತ್ರ ನೋಡಿಲ್ಲ. ಆದರೆ ಆ ದನಿ ತನ್ನ ಆಯುಷ್ಯವನ್ನೆಲ್ಲ ಊರುಗಳ ಹೆಸರು ಹೇಳುವುದರಲ್ಲೇ ಕಳೆಯಿತು. ಹೊರಡುವ ಸಮಯ, ನಿಲ್ಲುವ ಜಾಗ, ಕಳೆದುಹೋದ ಚೀಲ, ಇಷ್ಟೇ. ಕಡೆಗೆ ನಿಲ್ದಾಣಕ್ಕೆ ತಾನೇ ಮಾತಾಡುವ ಯಂತ್ರ ಬಂತು, ಚಂಪಕ್ಕನಿಗೆ ಹಾರ ಹಾಕಿ ಕಳಿಸಿದರು. ಗಂಡ ದ್ಯಾವಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಒಬ್ಬಳೇ. ನಮ್ಮೂರಲ್ಲಿ ಒಬ್ಬರೇ ಇರುವುದು ಎಂದರೆ ಏನೆಂದು ನಿಮಗೀಗ ಗೊತ್ತಾಗಿರಬೇಕು. ಸೆಕೆಯಾದಾಗಲೆಲ್ಲ ನನ್ನ ಅಂಗಡಿಗೆ ಬಂದು ಕೂರುತ್ತಿದ್ದಳು, ನಾನು ಗುಂಡಿ ಹಚ್ಚುವುದನ್ನು ಬಿಟ್ಟು ಬೀಸುತ್ತಿದ್ದೆ.

ಒಂದು ದಿನ ಬಂದವಳ ಮುಖವೇ ಬೇರೆಯಾಗಿತ್ತು. ಪುಸ್ತಕಗಳನ್ನು ಓದಿಸಿ, ದನಿ ಹಿಡಿದು, ಕಣ್ಣು ಕಾಣದವರಿಗೂ ಪುರುಸೊತ್ತಿಲ್ಲದವರಿಗೂ ಕೇಳಿಸುವ ಕಂಪನಿಯೊಂದು ಪಟ್ಟಣದಲ್ಲಿದೆಯಂತೆ. ಅಲ್ಲಿಯವರೊಬ್ಬರು ಎಂದೋ ನಮ್ಮ ನಿಲ್ದಾಣದಲ್ಲಿ ಬಸ್ಸು ತಪ್ಪಿಸಿಕೊಂಡವರು. ಅವಳನ್ನು ಹುಡುಕಿ ಫೋನ್ ಮಾಡಿ, ಒಂದು ಇಡೀ ಕಾದಂಬರಿ ಓದಿ ಕೊಡುತ್ತೀರಾ ಎಂದು ಕೇಳಿದ್ದರು. ದಸರೆಯೊಳಗೆ ಪೂರ್ತಿ ಆಗಬೇಕು, ಆಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದೂ ಹೇಳಿದ್ದರು. ಚಂಪಕ್ಕ ನನ್ನ ಮುಂದೆ ಕೂತು, ಕೈಯಲ್ಲಿ ಪುಸ್ತಕ ಹಿಡಿದುಕೊಂಡು ಅಂದಳು: "ಯಮನೂರಿ, ಇಷ್ಟ ವರ್ಷ ಮಂದೀನ ಬ್ಯಾರೆ ಊರಿಗೆ ಕಳಿಸೀನಿ. ಒಮ್ಮೆರ ಯಾರನ್ನರ ಹಿಡದು ಕುಂದರಿಸಿ ಒಂದ ಕಥಿ ಹೇಳಬೇಕಂತ ಆಸೆ ನೋಡು. ಇದೊಂದ ಆತಂದ್ರ ಸಾಕು ನನಗ." ಅವಳು ತನಗಾಗಿ ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಬೀಸುವ ಕೈ ನಿಂತಿತು, ಅವಳು ಬೈದ ಮೇಲೆ ಮತ್ತೆ ಬೀಸಿದೆ.

ಲ್ಯಾಪ್‌ಟಾಪ್ ಕೊಟ್ಟ ಅಂಗಡಿಯವನು ಒಳಗೆ ಎರಡು ಫ್ಯಾನ್ ಇವೆ, ಬಿಸಿಯ ಚಿಂತೆಯೇ ಬೇಡ ಎಂದಿದ್ದನಂತೆ. ಪಾಪ, ಅವನು ಅವನೂರಿನ ಮಟ್ಟಿಗೆ ನಿಜವನ್ನೇ ಹೇಳಿದ್ದ. ನಮ್ಮೂರಿಗೆ ಬಂದ ಮೇಲೆ ಅದರ ಫ್ಯಾನುಗಳಿಗೂ ನಮ್ಮ ಸೀಲಿಂಗ್ ಫ್ಯಾನಿನ ಗತಿಯೇ ಆಯಿತು. ತಿರುಗಿದವು, ಗಾಳಿ ಬರಲಿಲ್ಲ. ಗಾಳಿ ಬರಲಿಲ್ಲವೆಂದು ಇನ್ನೂ ಜೋರಾಗಿ ತಿರುಗಿದವು. ಚಂಪಕ್ಕ ಮೈಕು ಚುಚ್ಚಿ, ಪುಸ್ತಕ ತೆರೆದು, ಮೊದಲ ಪುಟದ ಅರ್ಧಕ್ಕೆ ಬರುವಷ್ಟರಲ್ಲಿ ಅದು ಹಿಟ್ಟಿನ ಗಿರಣಿಯ ಹಾಗೆ ಭೋರೆನ್ನತೊಡಗಿತು. ನನ್ನ ಹೊಲಿಗೆ ಯಂತ್ರದ ಸದ್ದು ನನಗೇ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಕಾದು ತಾನಾಗಿಯೇ ಆರಿಹೋಯಿತು. ಓದಿದ್ದನ್ನು ಕೇಳಿ ನೋಡಿದರೆ ದನಿಗಿಂತ ಗಿರಣಿಯೇ ಹೆಚ್ಚಿಗಿತ್ತು. ಫೋನಿನಲ್ಲಿ ಓದಿ ಕಳಿಸಲೇ ಎಂದು ಕಂಪನಿಯವರನ್ನು ಕೇಳಿದಳು. ಅದರಲ್ಲಿ ದನಿ ಸೊರಗುತ್ತದೆ, ನಮಗೆ ನಿಮ್ಮ ದನಿ ಇದ್ದ ಹಾಗೇ ಬೇಕು ಎಂದರು.

ಓಣಿಯವರಿಗೆಲ್ಲ ಸುದ್ದಿ ಮುಟ್ಟಿತು, ಚಂಪಕ್ಕನ ಮಷೀನಿಗೆ ಜ್ವರ ಬಂದಿದೆಯಂತೆ ಎಂದು. ನಮ್ಮವರು ಸುಮ್ಮನಿರುವ ಪೈಕಿಯಲ್ಲ. ಒಬ್ಬರು ಹಾಸಿಗೆಯ ಮೇಲಿಟ್ಟರೆ ಉಸಿರು ಕಟ್ಟುತ್ತದೆಂದು ಅದನ್ನು ಕಡಪಾ ಕಲ್ಲಿನ ಮೇಲೆ ಇಡಿಸಿದರು. ಇನ್ನೊಬ್ಬರು ನಾಲ್ಕು ಮೂಲೆಗೆ ಸೋಡಾ ಬಾಟಲಿಯ ಮುಚ್ಚಳ ಕೊಟ್ಟು ಎತ್ತರಿಸಿದರು. ನಾನು ಹಳೆಯ ಹಲ್ಲುಜ್ಜುವ ಬ್ರಷ್ ತಂದು ಅದರ ಕಿಂಡಿಗಳಲ್ಲಿ ಕೂತ ಧೂಳನ್ನೆಲ್ಲ ಕೆದಕಿ ತೆಗೆದೆ. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯನ್ನೂ ಎರಡು ಹನಿ ಬಿಡಲು ಹೋಗಿದ್ದೆ, ಚಂಪಕ್ಕ ಕೈ ಹಿಡಿದಳು. ತಣ್ಣೀರಿನ ಬಟ್ಟೆಯನ್ನು ಕಲ್ಲಿನ ಕೆಳಗೆ ಹಾಸಿದೆವು. ಇದರಿಂದೆಲ್ಲ ಅದು ಆರುವ ಮುಂಚೆ ಇನ್ನೊಂದೆರಡು ಪುಟ ತಾಳಿಕೊಂಡಿತು, ಆದರೆ ಬೊಬ್ಬೆ ನಿಲ್ಲಲಿಲ್ಲ.

ಗಾಳಿ ಹಾಕಿದರೆ ಮಾತ್ರ ತಣ್ಣಗಿರುತ್ತಿತ್ತು. ಯಾರಾದರೂ ಪಕ್ಕದಲ್ಲಿ ಕೂತು ಬೀಸಿದರೆ ಅದರ ಫ್ಯಾನುಗಳು ಮಲಗಿಬಿಡುತ್ತಿದ್ದವು, ಸದ್ದೇ ಇಲ್ಲ. ಆದ್ದರಿಂದ ಸರದಿ ಹಾಕಿಕೊಂಡು ಬೀಸೋಣ ಎಂದಾಯಿತು. ನಾವು ಬೀಸಿದೆವು, ಅವಳು ಓದಿದಳು, ಮೊದಲ ಅಧ್ಯಾಯ ಮುಗಿಯಿತು, ಎಲ್ಲರೂ ಚುರುಮುರಿ ತಿಂದು ಸಂಭ್ರಮಪಟ್ಟೆವು. ಮಾರನೆಯ ದಿನ ಕಂಪನಿಯಿಂದ ಫೋನ್ ಬಂತು. ಮಾತಾಡಿದವರು ಬಹಳ ಸಂಕೋಚದ ಮನುಷ್ಯ. "ಮೇಡಂ, ಓದಿರೋದು ತುಂಬಾ ಚೆನ್ನಾಗಿದೆ. ಆದರೆ ಕಥೆ ಮಧ್ಯದಲ್ಲಿ ಯಾರೋ ಬದನೇಕಾಯಿ ಹುಳುಕು ಅಂತಾರೆ, ಅದು ಪುಸ್ತಕದಲ್ಲಿ ಇಲ್ಲ" ಎಂದರು.

ಬದನೇಕಾಯಿಯ ಮಾತು ನನ್ನದೇ. ಬೀಸುವಾಗ ಮಾತಾಡುವುದು ನಮಗೆ ಉಸಿರಾಡಿದ ಹಾಗೆ, ಆಡಿದ್ದೇವೆಂದು ಗೊತ್ತೇ ಆಗುವುದಿಲ್ಲ. ಚಂಪಕ್ಕ ಎಲ್ಲರನ್ನೂ ಕೈಮುಗಿದು ಕೇಳಿಕೊಂಡಳು, ಸುಮ್ಮನೆ ಕೂತು ಬೀಸಿರಿ ಎಂದು. ಓಣಿಗೆ ಓಣಿಯೇ ತಲೆತಗ್ಗಿಸಿತು. ಮಷೀನಿಗೆ ಬೀಸುವುದಾದರೂ ಪಕ್ಕದಲ್ಲಿ ಕೂತವಳು ನೀನಲ್ಲವೇ, ಬದುಕಿದವಳ ಬಗಲಲ್ಲಿ ಕೂತು ಆ ಗಾಳಿ ಹೇಗೆ ಬೀಸುವುದು, ನಾಳೆ ನಿನಗೆ ಹೆಚ್ಚುಕಮ್ಮಿಯಾದರೆ ನಾವು ಯಾವ ಬಾವಿಗೆ ಬೀಳೋಣ ಎಂದರು. ನಾನು ಧೈರ್ಯ ಮಾಡಿ ಕೂತೆ. ಕಾಲು ಪುಟ ತಾಳಿದೆ. ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದ ಚಂಪಕ್ಕನನ್ನು ನೋಡಿದೆ, ಇನ್ನು ತಡೆಯಲಾಗದೆ, ಚಂಪಕ್ಕ ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿಬಿಟ್ಟೆ.

ಬುದ್ಧಿವಂತರೊಬ್ಬರು ಇನ್ನೊಂದು ದಾರಿ ಹೇಳಿದರು. ಲ್ಯಾಪ್‌ಟಾಪನ್ನು ಬೇರೆಯವರಿಗೆ ದಾನ ಕೊಟ್ಟುಬಿಟ್ಟರೆ ಅದು ಚಂಪಕ್ಕನದಲ್ಲ, ಆಗ ಅವಳೇ ಬೀಸಬಹುದು, ಓದುತ್ತ ಬೀಸಿದರೆ ಮಾತಾಡಿದ ಹಾಗೂ ಆಯಿತು. ಸರಿ, ಎಲೆ ಅಡಿಕೆ ಇಟ್ಟು ಎಲ್ಲರೆದುರು ನನಗೇ ದಾನ ಕೊಟ್ಟಳು. ಉಪಾಯ ಫಲಿಸಿತು, ಗಾಳಿ ಬಂತು. ಆದರೆ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಬೀಸಣಿಗೆ, ಹಾಳೆ ತಿರುವಲು ಮೂರನೆಯದಿಲ್ಲ. ಮೂರು ಪುಟಕ್ಕೆ ಅವಳಿಗೆ ಏದುಸಿರು ಬಂದು, ಕಥೆಯ ನಾಯಕ ಬೆಟ್ಟ ಹತ್ತುತ್ತ ಪ್ರೇಮ ನಿವೇದನೆ ಮಾಡಿದಂತೆ ಕೇಳಿತು. ನಾನು ಲ್ಯಾಪ್‌ಟಾಪನ್ನು ಎಲೆ ಅಡಿಕೆ ಸಮೇತ ಅವಳಿಗೆ ತಿರುಗಿ ದಾನ ಕೊಟ್ಟೆ.

ಆ ಸಂಜೆ ಚಂಪಕ್ಕ ಪಡಸಾಲೆಯಲ್ಲಿ ಕೂತು ಅತ್ತಳು. ಗಂಡ ಸತ್ತಾಗಲೂ ನಾಲ್ಕು ಜನರೆದುರು ಅಳದ ಹೆಂಗಸು. ಕಂಪನಿಯವರಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ನಾಳೆ ಹೇಳಿಬಿಡುತ್ತೇನೆ ಎಂದಳು. ನಾನು ಅವಳಿಗೆ ಸ್ವಲ್ಪ ಹೊತ್ತು ಬೀಸಿ ಅಂಗಡಿಗೆ ವಾಪಸು ಬಂದೆ.

ಆ ಅಳು ಗೋಡೆಯಾಚೆಗೂ ಕೇಳಿಸಿತ್ತು. ಗೋಡೆಯಾಚೆ ಇರುವವಳು ನಿಂಬೆವ್ವ, ಚಂಪಕ್ಕನ ನೆಗೆಣ್ಣಿ. ದ್ಯಾವಪ್ಪನ ತಮ್ಮನ ಹೆಂಡತಿ. ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡಿದ್ದರು. ಇಬ್ಬರ ನಡುವೆ ಮಾತು ನಿಂತು ದ್ಯಾವಪ್ಪ ಸತ್ತು ಎಷ್ಟು ವರ್ಷವೋ ಅಷ್ಟೇ ವರ್ಷವಾಗಿತ್ತು.

ನಡೆದದ್ದು ಇಷ್ಟು. ದ್ಯಾವಪ್ಪ ತೀರಿಕೊಂಡ ದಿನ ಮಾತಿಲ್ಲದ ಗಾಳಿಗೆ ಕೂತವಳು ನಿಂಬೆವ್ವ. ಅವಳೋ ಊರಿಗೇ ಮಾತುಗಾರ್ತಿ, ನಿದ್ದೆಯಲ್ಲೂ ಸುಮ್ಮನಿರುವವಳಲ್ಲ. ಸ್ವಲ್ಪ ಹೊತ್ತು ತುಟಿ ಬಿಗಿದುಕೊಂಡು ಬೀಸಿದಳು. ಆಮೇಲೆ ನೆರೆದ ಮಂದಿಯೆಲ್ಲ ನೋಡುತ್ತಿರುವಂತೆಯೇ ಬಗ್ಗಿ, ಬಾವಾ, ಹಾಲಿನಾಕಿ ಇನ್ನೂ ಬಂದಿಲ್ಲ, ಚಾ ತಡ ಆಗತೈತಿ ಎಂದು ಹೆಣಕ್ಕೆ ಹೇಳಿದಳು. ಯಾರೋ ಕಿಸಕ್ಕೆಂದರು. ನಗು ತಡೆಯಲಾಗದೆ ಹೊರಗೆ ಎದ್ದು ಹೋದವರೂ ಇದ್ದರು. ತನ್ನ ಗಂಡನ ಸಾವನ್ನು ಮಂದಿ ನಗುವಂತೆ ಮಾಡಿದಳಲ್ಲ ಎಂದು ಚಂಪಕ್ಕನಿಗೆ ಎಲ್ಲಿಲ್ಲದ ಸಂಕಟ, ಸಿಟ್ಟು. ಇವತ್ತಿನಿಂದ ನನ್ನ ಮುಂದೆ ನೀನು ಬಾಯಿ ತೆರೆಯಬೇಡ ಎಂದುಬಿಟ್ಟಳು. ನಿಂಬೆವ್ವ ತೆರೆಯಲಿಲ್ಲ. ಊರಿಗೆಲ್ಲ ಮಾತಾಡುವವಳು ಚಂಪಕ್ಕ ಎದುರಾದರೆ ಸೆರಗಿನ ತುದಿ ಕಚ್ಚಿಕೊಂಡು ಹೋಗುತ್ತಿದ್ದಳು. ಹಬ್ಬದ ದಿನ ಹೋಳಿಗೆ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಬಾಗಿಲು ತಟ್ಟಿ ಹೋಗುವಳು. ಚಂಪಕ್ಕ ಖಾಲಿ ತಟ್ಟೆಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಆ ಹೊಸ್ತಿಲಿಗೆ ಇಟ್ಟು ಬರುವಳು. ಮಾತು ಮಾತ್ರ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ನಾನು ನೋಡುತ್ತಿರುವಂತೆಯೇ ನಿಂಬೆವ್ವ ಕೈಯಲ್ಲಿ ಬೀಸಣಿಗೆ ಹಿಡಿದು ಚಂಪಕ್ಕನ ಮನೆಯೊಳಗೆ ಹೋದಳು. ಕೇಳಲಿಲ್ಲ, ಕರೆಯಲಿಲ್ಲ. ಕಡಪಾ ಕಲ್ಲಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಲ್ಯಾಪ್‌ಟಾಪಿಗೆ ಬೀಸತೊಡಗಿದಳು. ಚಂಪಕ್ಕ ಫೋನ್ ಕೈಯಲ್ಲಿ ಹಿಡಿದು ನಿಂತಿದ್ದವಳು ಅವಳನ್ನೇ ನೋಡಿದಳು. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಫೋನ್ ಕೆಳಗಿಟ್ಟು ಪುಸ್ತಕ ತೆಗೆದುಕೊಂಡಳು.

ನನಗೆ ಆಗಲೇ ಹೊಳೆದದ್ದು. ಊರಲ್ಲಿ ಬಾಯಿ ಮುಚ್ಚಿ ಬೀಸುವ ಹಕ್ಕು ಇದ್ದದ್ದು ಅವಳೊಬ್ಬಳಿಗೇ. ಮಾತು ಬಿಟ್ಟವಳ ಮೌನಕ್ಕೆ ಸಾವಿನ ದೋಷವಿಲ್ಲ, ಅದು ಬರೀ ಜಗಳದ ಮೌನ. ಜಗಳವಾಡಬೇಕೆಂದರೂ ಎದುರಿಗೆ ಜೀವ ಇರಬೇಕಲ್ಲವೇ. ನಾನು ಹೊಲಿಗೆ ಯಂತ್ರ ನಿಲ್ಲಿಸಿ, ಗಿರಾಕಿಗಳಿಗೆ ಸನ್ನೆಯಲ್ಲೇ ನಾಳೆ ಬನ್ನಿ ಎಂದೆ.

ಅಂದಿನಿಂದ ದಿನವೂ ಊಟವಾದ ಮೇಲೆ ನಿಂಬೆವ್ವ ಹೋಗುವಳು, ಬೀಸುವಳು, ಚಂಪಕ್ಕ ಪುಸ್ತಕ ಮುಚ್ಚಿದ ಕೂಡಲೇ ಎದ್ದು ಬರುವಳು. ಲ್ಯಾಪ್‌ಟಾಪ್ ಒಂದು ದಿನವೂ ಕೆಮ್ಮಲಿಲ್ಲ. ಕಂಪನಿಯ ಸಂಕೋಚದ ಮನುಷ್ಯ ಫೋನ್ ಮಾಡಿ, ಇಷ್ಟು ನಿಶ್ಶಬ್ದ ನಮ್ಮ ಸ್ಟುಡಿಯೋದಲ್ಲೂ ಇಲ್ಲ, ಯಾವ ಕಂಪನಿಯ ಕೂಲರ್ ಹಾಕಿಸಿದಿರಿ ಎಂದು ಕೇಳಿದರಂತೆ. ಮನೆಯದೇ ಎಂದಳಂತೆ ಚಂಪಕ್ಕ.

ಕಾದಂಬರಿಯಲ್ಲಿ ಒಬ್ಬ ಟಾಂಗಾ ಹೊಡೆಯುವವನಿದ್ದ, ಅವನಿಗೊಂದು ಮುದಿ ಕುದುರೆ. ಪ್ರೀತಿ, ಮೋಸ, ಕೋರ್ಟು, ಕಚೇರಿ ಎಲ್ಲ ಇತ್ತಂತೆ. ನಿಂಬೆವ್ವನಿಗೆ ಬೇಕಾದದ್ದು ಕುದುರೆ ಒಂದೇ. ಓದು ನಿಂತ ಮೇಲೆ ಅವಳು ನೇರ ನನ್ನ ಅಂಗಡಿಗೆ ಬರುತ್ತಿದ್ದಳು. ಒಳಗೆ ಹಿಡಿದಿಟ್ಟ ಮಾತೆಲ್ಲ ನನ್ನ ಮೇಲೆ ಬೀಳುತ್ತಿತ್ತು. ಆ ಕುದುರೆಗೆ ಹೊಟ್ಟೆ ತುಂಬ ಹುರುಳಿ ಹಾಕದೆ ಇವನು ಅದೇನು ಪ್ರೇಮ ಮಾಡುತ್ತಾನೆ, ಅದರ ಲಾಳ ಸವೆದದ್ದು ಇವನ ಕಣ್ಣಿಗೆ ಬೀಳಲಿಲ್ಲವೇ, ಮುಂದೆ ಏನಾಗುತ್ತದೆಂದು ಅಕ್ಕನನ್ನು ಕೇಳಿ ಹೇಳು ಎಂದು ಗೋಗರೆಯುವಳು. ನಾನು ಚಂಪಕ್ಕನನ್ನು ಕೇಳಿದೆ. ಕಳಿಸಿದ್ದು ಯಾರೆಂದು ಅವಳಿಗೆ ಗೊತ್ತಿಲ್ಲವೇ. ತುಟಿಯಂಚಿನಲ್ಲೇ ನಕ್ಕು, ಬೇಕಾದವರು ನಾಳೆ ಬಂದು ಕೇಳಲಿ ಎಂದಳು. ನಿಂಬೆವ್ವ ಮರುದಿನ ಊಟಕ್ಕೆ ಮುಂಚೆಯೇ ಹೋಗಿ ಕೂತಳು.

ದಸರೆ ಹತ್ತಿರ ಬಂತು. ಉಳಿದದ್ದು ಕೊನೆಯ ಅಧ್ಯಾಯ, ಮರುದಿನದೊಳಗೆ ಕಳಿಸಬೇಕು. ಚಂಪಕ್ಕ ಓದುತ್ತಿದ್ದಳು. ದಿಬ್ಬ ಹತ್ತುವಾಗ ಕುದುರೆ ಮುಗ್ಗರಿಸಿ ರಸ್ತೆಯ ಮೇಲೆ ಬಿತ್ತು. ಟಾಂಗಾದವನು ಅದನ್ನು ಗಾಡಿಯ ಮೂಕಿಯಿಂದ ಬಿಚ್ಚಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಚಂಪಕ್ಕನ ದನಿ ಇಳಿಯಿತು. ಆ ದನಿ ಹಾಗೆ ಇಳಿದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಂಗಡಿಯಲ್ಲಿ ಕೂತ ನನಗೇ ಕಣ್ಣು ಮಂಜಾಯಿತು.

"ಕುದುರಿ ಏಳತೈತಿಲ್ಲೋ ಅಕ್ಕಾ?"

ನಿಂಬೆವ್ವ ಕೇಳಿಬಿಟ್ಟಿದ್ದಳು. ಬೀಸಣಿಗೆ ಕೈಯಿಂದ ಬಿದ್ದಿತ್ತು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಚಂಪಕ್ಕ ಪುಸ್ತಕದ ಮೇಲೆ ಬೆರಳಿಟ್ಟು ಹಾಗೇ ಕೂತಳು. ಗಾಳಿಯಿಲ್ಲದ ಲ್ಯಾಪ್‌ಟಾಪ್ ಮಾತ್ರ ಮೆಲ್ಲಗೆ ಗುರುಗುಟ್ಟಿ, ಆಮೇಲೆ ಭೋರ್ಗರೆದು, ಕಾದು ಆರಿಹೋಯಿತು. ಅಂದು ಓದಿದ್ದೆಲ್ಲ ಅದರ ಜೊತೆಗೇ ಹೋಯಿತು.

ಸದ್ದಡಗಿದ ಮೇಲೆ ಚಂಪಕ್ಕ ಕೇಳಿದಳು: "ಅವತ್ತು ಯಾಕ ಮಾತಾಡಿದಿ ನಿಂಬೆವ್ವ? ಒಂದ ತಾಸು ಬಾಯಿ ಹಿಡ್ಕೊಳ್ಳಾಕ ಆಗಲಿಲ್ಲೇನು ನಿನಗ?"

ನಿಂಬೆವ್ವ ಬಾಯಿಂದ ಕೈ ತೆಗೆದಳು. "ಸುಮ್ನ ಕುಂತ್ರ ಬಾವಾರು ಸತ್ತಾರಂತ ನಾನೂ ಒಪ್ಪಿಕೊಂಡಂಗ ಆಗತಿತ್ತಕ್ಕ. ನಾನು ಈ ಮನಿಗೆ ಬಂದಾಗಿಂದ ದಿನಾ ಮುಂಜಾನೆ ಅವರಿಗೆ ಚಾ ಕೊಟ್ಟೀನಿ. ಅವತ್ತೂ ಕೊಡಬೇಕಿತ್ತು. ತಡ ಆಗತೈತಿ ಅಂತ ಹೇಳಬೇಕಲ್ಲ ಮತ್ತ. ಮಂದಿ ನಗತಾರಂತ ನನಗ ಗೊತ್ತಾಗಲಿಲ್ಲ."

ಚಂಪಕ್ಕ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಇಷ್ಟು ವರ್ಷ ಈ ಒಂದು ಮಾತನ್ನು ಕೇಳಲು ತನಗೆ ತೋಚಲಿಲ್ಲವಲ್ಲ ಎಂದು ತನಗೆ ಸುಡುವಷ್ಟು ನಾಚಿಕೆಯಾಯಿತೆಂದು ಆಮೇಲೆ ನನಗೆ ಹೇಳಿದಳು. ನಾನು ಕಿಟಕಿಯಿಂದ ಮುಖ ತಿರುಗಿಸಿ, ಆಗಲೇ ಹೊಲಿದಿದ್ದ ಕಾಲರನ್ನು ಇನ್ನೊಂದು ಸಲ ಹೊಲಿದೆ.

ರಾಜಿಯೇನೋ ಆಯಿತು, ಅಧ್ಯಾಯ ಉಳಿದಿತ್ತಲ್ಲ. ಇನ್ನು ನಿಂಬೆವ್ವನೂ ಎಲ್ಲರಂತೆ ಮಾತಿನವಳಾದಳು. ಜಗಳ ಹೋಯಿತು, ಜಗಳದ ಜೊತೆ ಅದರ ಮೌನವೂ ಹೋಯಿತು. ಚಂಪಕ್ಕ ಅವಳಿಗೆ ಗಲ್ಲ ಹಿಡಿದು ಹೇಳಿದಳು: "ಇದೊಂದ ದಿನ ನನ್ನ ಮ್ಯಾಲೆ ಸಿಟ್ಟಾಗು. ನಾಳೆ ಸಂಜಿ ತನಕ."

ನಿಂಬೆವ್ವ ಪ್ರಯತ್ನ ಮಾಡಿದಳು. ಹುಬ್ಬು ಗಂಟಿಕ್ಕಿದಳು, ಹಳೆಯ ಬೈಗುಳಗಳನ್ನೆಲ್ಲ ನೆನಪಿಸಿಕೊಂಡಳು, ಹಿತ್ತಲ ತೆಂಗಿನಕಾಯಿ ಪಾಲಿನಲ್ಲಿ ಆದ ಅನ್ಯಾಯವನ್ನೂ ನೆನಪಿಸಿಕೊಂಡಳು. ಎಲ್ಲದಕ್ಕೂ ನಗುವೇ ಬಂತು. ಕಡೆಗೆ ಕಣ್ಣೊರೆಸಿಕೊಂಡು, "ಬರೂದಿಲ್ಲಕ್ಕ. ಸಿಟ್ಟಿಲ್ಲದ ಸುಮ್ನ ಕುಂತು ನಿನ್ನ ಬಗಲಾಗ ಬೀಸಿದ್ರ ಅದು ಆ ಗಾಳಿ ಆಗತೈತಿ. ನಿನಗೇನರ ಆದ್ರ ನಾ ಏನ್ ಮಾಡ್ಲಿ" ಎಂದಳು. ಚಂಪಕ್ಕ ಮತ್ತೆ ಒತ್ತಾಯಿಸಲಿಲ್ಲ. ಹೋಗಲಿ ಬಿಡು, ಒಂದು ಪುಸ್ತಕ ತಾನೇ ಎಂದಳು. ಹಾಗೆಂದವಳು ಪುಸ್ತಕವನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದಳು, ನಿಂಬೆವ್ವ ಅದನ್ನು ನೋಡಿದಳು. ಕುದುರೆಯ ಕಥೆ ಏನಾಯಿತೆಂದಾದರೂ ಹೇಳು ಎಂದು ಕೇಳಿದಳು. ಅದನ್ನು ಬಾಯಿಮಾತಲ್ಲಿ ಹೇಳುವುದಿಲ್ಲ, ಓದಿದರೆ ಓದಿದಂತೆ, ಇಲ್ಲದಿದ್ದರೆ ಇಲ್ಲ ಎಂದು ಚಂಪಕ್ಕ ಪುಸ್ತಕ ಮುಚ್ಚಿದಳು.

ಮಾರನೆಯ ದಿನ ಮಧ್ಯಾಹ್ನ ನಿಂಬೆವ್ವ ಬಂದಳು. ಬರುವಾಗ ನನ್ನ ಅಂಗಡಿಯ ಮುಂದೆ ನಿಂತು, ಯಮನೂರಣ್ಣ, ನಾನು ಇವತ್ತು ಏನು ಮಾಡಿದರೂ ಬೈಯಬೇಡ ಎಂದು ಹೇಳಿ ಹೋದಳು. ಮುಖ ಬಿಳಿಚಿತ್ತು. ಕಲ್ಲಿನ ಪಕ್ಕ ಕೂತಳು. ಬಲಗೈಯಲ್ಲಿ ಬೀಸಣಿಗೆ ಹಿಡಿದು ಲ್ಯಾಪ್‌ಟಾಪಿಗೆ ಬೀಸಿದಳು, ಎಡಗೈಯಿಂದ ಚಂಪಕ್ಕನ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಾದ ಬೆಚ್ಚಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತ ಇದ್ದೆ, ಬೆಚ್ಚಗಿರುವ ತನಕ ನನಗೆ ಭಯವಿರಲಿಲ್ಲ ಎಂದು ಆಮೇಲೆ ಹೇಳಿದಳು. ಹಾಗೆ ಹಿಡಿದುಕೊಂಡೇ, ಊರು ಕಂಡ ಮಾತುಗಾರ್ತಿ ಜಗಳವೂ ಇಲ್ಲದೆ, ಸಾವೂ ಇಲ್ಲದೆ, ಅಧ್ಯಾಯ ಪೂರ್ತಿ ಸುಮ್ಮನೆ ಬೀಸಿದಳು. ನಮ್ಮೂರಲ್ಲಿ ಅಂಥದ್ದೊಂದು ಅದಕ್ಕೆ ಮುಂಚೆ ಆಗಿರಲಿಲ್ಲ.

ಚಂಪಕ್ಕ ಓದಿದಳು. ಕುದುರೆ ಏಳಲಿಲ್ಲ. ನಿಂಬೆವ್ವನ ಕಣ್ಣೀರು ಗಲ್ಲದಿಂದ ಇಳಿದು ಕುಪ್ಪಸದ ಮೇಲೆ ಬೀಳುತ್ತಿತ್ತು, ಆದರೆ ಬಾಯಿ ತೆರೆಯಲಿಲ್ಲ. ಪಾದ ಹಿಡಿದ ಕೈಯ ಗೆಣ್ಣುಗಳು ಬೆಳ್ಳಗಾದದ್ದು ನನ್ನ ಅಂಗಡಿಯವರೆಗೂ ಕಾಣುತ್ತಿತ್ತು. ಚಂಪಕ್ಕ ಕೊನೆಯ ವಾಕ್ಯ ಓದಿದಳು. ಆ ವಾಕ್ಯದ ಆಚೆ ಒಂದು ಉಸಿರಿನಷ್ಟು ಬಿಟ್ಟು, ಕಳಿಸುವ ಗುಂಡಿ ಒತ್ತಿ, ಕಣ್ಣು ಮುಚ್ಚಿಕೊಂಡಳು. ಇಡೀ ಕಥೆ ಮುಗಿದಿತ್ತು.

ಆಗ ನಿಂಬೆವ್ವ ಅವಳನ್ನು ನೋಡಿದಳು. ಇಷ್ಟು ದಿನ ಬೀಸಿದ ಗಾಳಿಯೆಲ್ಲ ಯಂತ್ರಕ್ಕೇ ಹೋಗಿತ್ತು. ಅದರ ಪಕ್ಕದಲ್ಲೇ ಕೂತು ಓದುತ್ತಿದ್ದ ಚಂಪಕ್ಕ ಬೆವರಿನಿಂದ ತೊಯ್ದು ತೊಪ್ಪೆಯಾಗಿದ್ದಳು, ಕೂದಲು ಹಣೆಗೆ ಅಂಟಿತ್ತು. ನಿಂಬೆವ್ವ ಬೀಸಣಿಗೆಯನ್ನು ಲ್ಯಾಪ್‌ಟಾಪಿನಿಂದ ಚಂಪಕ್ಕನ ಕಡೆಗೆ ತಿರುಗಿಸಿದಳು. ಹಣೆಯ ಕೂದಲು ಮೆಲ್ಲಗೆ ಎದ್ದು ಹಾರಿತು.

ಚಂಪಕ್ಕ ಓದಿದ್ದನ್ನು ಯಂತ್ರ ಕಂಪನಿಗೆ ಕಳಿಸುತ್ತಿತ್ತು, ಗಾಳಿ ತಪ್ಪಿದ್ದೇ ತಡ ಮತ್ತೆ ಭೋರೆನ್ನತೊಡಗಿತು. ಕಡಪಾ ಕಲ್ಲು ಅದುರಿತು, ಬಾಟಲಿ ಮುಚ್ಚಳಗಳು ಕಟಕಟ ಕುಣಿದವು. ಯಾರೂ ಅದರ ಕಡೆ ನೋಡಲಿಲ್ಲ. ಆ ಗದ್ದಲದ ಮೇಲೆ ನಿಂಬೆವ್ವ ದನಿ ಎತ್ತಿದಳು, ನನಗೂ ಕೇಳಿಸುವಷ್ಟು.

"ಅಕ್ಕಾ, ಆ ಕುದುರಿ ಸತ್ತಿಲ್ಲ. ಬರದಾಂವಗ ಗೊತ್ತಿಲ್ಲ ಅಷ್ಟ."

ಚಂಪಕ್ಕ ಕಣ್ಣು ತೆರೆಯಲಿಲ್ಲ. ಗಾಳಿಗೆ ಮುಖ ಕೊಟ್ಟು ಕೂತೇ, ಬಸ್ ನಿಲ್ದಾಣದ ಆ ದೊಡ್ಡ ದನಿಯಲ್ಲಿ ಹೇಳಿದಳು:

"ಹೂಂ ನಿಂಬೆವ್ವ. ಸತ್ತಿಲ್ಲ ಬಿಡು. ಹೇಳು ಮತ್ತ, ಇನ್ನೇನ್ ಸುದ್ದಿ?"